ಹಂಪಿಯಲ್ಲಿ ಗೈಡ್ ಏನು ತೋರಿಸಬೇಕು?

ಎಲ್ಲರಿಗೂ ನಮಸ್ಕಾರ.

ಹಂಪಿಗೆ ಬಂದವರು ಗೈಡ್ ಹತ್ತಿರ ಮೊದಲು ಕೇಳುವ ಮಾತು ಒಂದೇ. "ಸಾರ್, ಒಂದು ದಿನದಲ್ಲಿ ಎಲ್ಲಾ ಕವರ್ ಆಗುತ್ತಾ?" ಆಗುತ್ತದೆ. ಬೆಳಿಗ್ಗೆ ವಿರೂಪಾಕ್ಷ, ಸಾಸಿವೆಕಾಳು ಗಣಪ, ಉಗ್ರ ನರಸಿಂಹ. ಮಧ್ಯಾಹ್ನ ಮಹಾನವಮಿ ದಿಬ್ಬ, ಕಮಲ ಮಹಲ್, ಆನೆ ಲಾಯ. ಸಾಯಂಕಾಲ ಕಲ್ಲಿನ ರಥದ ಮುಂದೆ ಫೋಟೋ. ರಾತ್ರಿ ಹೊಸಪೇಟೆಯಲ್ಲಿ ರೈಲು ಹತ್ತಬಹುದು. ಹೀಗೆ ನೋಡಿ ಹೋದವರನ್ನು ಸ್ವಲ್ಪ ದಿನ ಬಿಟ್ಟು ಕೇಳಿ, ಹಂಪಿಯಲ್ಲಿ ಏನು ನೋಡಿದಿರಿ ಅಂತ. ದೇವಸ್ಥಾನ, ಬಂಡೆ, ಬಿಸಿಲು ಅಂತಾರೆ. ಒಂದು ಊರು ನೋಡಿದೆವು ಅಂತ ಹೇಳುವವರು ತೀರಾ ಕಡಿಮೆ.

ನನಗೆ ನೋವಾಗುವುದು ಇಲ್ಲೇ. 1336ರ ಸುಮಾರಿಗೆ ಹರಿಹರ, ಬುಕ್ಕರು ಶುರು ಮಾಡಿದ ವಿಜಯನಗರ ರಾಜ್ಯಕ್ಕೆ ಇದು ರಾಜಧಾನಿ. 1565ರ ಯುದ್ಧದವರೆಗೂ ಇಲ್ಲಿ ಜನ ಹುಟ್ಟಿದರು, ಮದುವೆಯಾದರು, ವ್ಯಾಪಾರ ಮಾಡಿದರು, ಜಗಳ ಆಡಿದರು. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಒಂದು ಗುಡ್ಡ ಹತ್ತಿ ನೋಡಿ, ಈ ಊರು ರೋಮ್‌ನಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಬರೆದಿಟ್ಟ. ಗುಡ್ಡಗಳ ಮರೆಯಲ್ಲಿ ಇನ್ನೂ ಎಷ್ಟೋ ಭಾಗ ಇದೆ, ಎಲ್ಲಾ ಒಂದೇ ಕಡೆಯಿಂದ ಕಾಣುವುದಿಲ್ಲ ಎಂದೂ ಹೇಳಿದ. ಅಂಥ ಊರನ್ನು ನಾವು ಹತ್ತು ಪಾಯಿಂಟ್ ಮಾಡಿ ತೋರಿಸುತ್ತಿದ್ದೇವೆ. ಪಾಯಿಂಟ್‌ನಿಂದ ಪಾಯಿಂಟ್‌ಗೆ ಆಟೋ. ನಡುವೆ ಇರುವುದು ಏನೂ ಅಲ್ಲ ಅನ್ನೋ ಹಾಗೆ. ಆ ನಡುವೆ ಇರುವುದೇ ಊರು. ಗೈಡ್ ಆದವರು ಅದನ್ನು ತೋರಿಸಬೇಕು, ಬರುವವರು ಅದನ್ನು ಕೇಳಿ ಪಡೆಯಬೇಕು. ಇವತ್ತು ನಾನು ಹೇಳಬೇಕಾದ್ದು ಇಷ್ಟೇ.

ಹಾಗಾದರೆ ಎಲ್ಲಿಂದ ಶುರು ಮಾಡೋದು? ನನ್ನ ಕೇಳಿದರೆ ನೀರಿನಿಂದ.

ಹಂಪಿ ಒಣ ಸೀಮೆ. ಬೇಸಿಗೆಯಲ್ಲಿ ಬಂಡೆ ಮೇಲೆ ಕಾಲಿಡಲು ಆಗುವುದಿಲ್ಲ. ಮಳೆ ಕಡಿಮೆ. ತುಂಗಭದ್ರೆ ಪಕ್ಕದಲ್ಲೇ ಇದ್ದಾಳೆ, ನಿಜ. ಆದರೆ ಹೊಳೆ ಕೆಳಗಿದೆ, ಊರು ಮೇಲಿದೆ. ಅಷ್ಟು ಜನಕ್ಕೆ, ಆನೆ ಕುದುರೆಗೆ, ತೋಟಕ್ಕೆ, ಪೂಜೆಗೆ ನೀರು ಎಲ್ಲಿಂದ ಬಂತು? ಈ ಪ್ರಶ್ನೆ ಹಿಡಿದುಕೊಂಡು ಹೊರಟರೆ ಹಂಪಿಯ ಒಂದೊಂದೇ ಕಟ್ಟಡ ತಾನಾಗಿ ಬಾಯಿ ಬಿಡುತ್ತದೆ.

ಕಮಲಾಪುರದ ಕೆರೆ ಏರಿ ಮೇಲೆ ನಿಂತು ಶುರು ಮಾಡಿ. ವಿಜಯನಗರದ ಕಾಲದ ಕೆರೆ ಅದು, ಇವತ್ತೂ ನೀರಿದೆ. ಅಲ್ಲಿಂದ ಅರಮನೆ ಕಡೆಗೆ ನೀರು ಹರಿಯುತ್ತಿತ್ತು. ಅರಮನೆ ಆವರಣದೊಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಮಹಾನವಮಿ ದಿಬ್ಬ ಹತ್ತಲು ಓಡುತ್ತಾರೆ. ಹತ್ತಿ, ಬೇಡ ಅನ್ನುವುದಿಲ್ಲ. ಹತ್ತಿದ ಮೇಲೆ ಕೆಳಗೆ ನೋಡಿ. ಕಂಬಗಳ ಮೇಲೆ ಹಾಯಿಸಿದ ಕಲ್ಲಿನ ಕಾಲುವೆ ನೇರವಾಗಿ ಓಡುತ್ತದೆ. ಅದರ ಕವಲು ಅಲ್ಲಲ್ಲಿ ಕೊಳಗಳಿಗೆ ಇಳಿಯುತ್ತದೆ. ಎಲ್ಲಿ ತಿರುಗಬೇಕು, ಎಷ್ಟು ಇಳಿಜಾರು ಬೇಕು ಎಂದು ಲೆಕ್ಕ ಹಾಕಿ ಕಟ್ಟಿದ ಕೆಲಸ ಅದು. ಪಂಪು, ಮೋಟಾರು ಇಲ್ಲದ ಕಾಲದಲ್ಲಿ ನೀರು ತಾನಾಗಿ ನಡೆದು ಬರಬೇಕಿತ್ತು.

ಆ ಕವಲು ಹಿಡಿದು ಹೋದರೆ ಪುಷ್ಕರಣಿ ಸಿಗುತ್ತದೆ. ಐದು ಹಂತ, ಕಪ್ಪು ಕಲ್ಲು, ಗೆರೆ ಎಳೆದ ಹಾಗೆ ಮೆಟ್ಟಿಲು. 1980ರ ದಶಕದಲ್ಲಿ ಮಣ್ಣು ತೆಗೆಯುವವರೆಗೂ ಇದು ಅಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಶತಮಾನಗಳ ಕಾಲ ಮಣ್ಣಿನಡಿ ಇದ್ದದ್ದಕ್ಕೇ ಇಷ್ಟು ಚೆನ್ನಾಗಿ ಉಳಿಯಿತು. ಸುತ್ತಮುತ್ತ ಎಲ್ಲ ಕಡೆ ಕಂದು ಬಣ್ಣದ ಕಣಶಿಲೆ ಇರುವಾಗ ಇದೊಂದೇ ಕಪ್ಪಗೆ ಹೊಳೆಯುತ್ತದೆ.

ಇಲ್ಲಿ ಬರುವ ಹೆಚ್ಚಿನವರು ದೂರದಿಂದ ಒಂದು ಫೋಟೋ ತೆಗೆದು ಹೊರಡುತ್ತಾರೆ. ದಯವಿಟ್ಟು ಸ್ವಲ್ಪ ನಿಲ್ಲಿ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಆ ಕಲ್ಲುಗಳ ಮೈ ಮೇಲೆ ಸಣ್ಣ ಸಣ್ಣ ಗುರುತು ಕಾಣುತ್ತವೆ. ಅಕ್ಷರ, ಅಂಕಿ, ಗೀಟು. ಶಾಸನ ಅಲ್ಲ, ದೇವರ ಹೆಸರೂ ಅಲ್ಲ. ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಸಾಲಿನಲ್ಲಿ ಎಷ್ಟನೆಯದು ಎಂದು ಕಲ್ಲುಕುಟಿಗರು ತಮಗಾಗಿ ಹಾಕಿಕೊಂಡ ಗುರುತು. ಅಂದರೆ ಕಲ್ಲುಗಳನ್ನು ಮೊದಲೇ ಅಳತೆಗೆ ಕಡಿದು, ನಂಬರ್ ಹಾಕಿ, ಆಮೇಲೆ ಜೋಡಿಸಿದ್ದಾರೆ. ರಾಜರ ಹೆಸರು ನಮಗೆ ಬಾಯಿಪಾಠ. ಈ ಕೊಳ ಕಟ್ಟಿದ ಒಬ್ಬ ಕೆಲಸಗಾರನ ಹೆಸರೂ ಉಳಿದಿಲ್ಲ. ಅವನ ಉಳಿಯ ಗುರುತು ಮಾತ್ರ ಇದೆ. ನನಗೆ ಇಡೀ ಹಂಪಿಯಲ್ಲಿ ಇದಕ್ಕಿಂತ ದೊಡ್ಡ ಶಾಸನ ಇನ್ನೊಂದಿಲ್ಲ.

ನೀರಿನ ಜಾಡು ಹಿಡಿದು ಮುಂದೆ ಹೋಗೋಣ. ರಾಣಿ ಸ್ನಾನದ ಮನೆಯ ಸುತ್ತ ಕಾಲುವೆ ಇದೆ. ಅಷ್ಟು ದೂರದಲ್ಲಿ ದಾರಿ ಪಕ್ಕ ಭೋಜನಶಾಲೆ ಅಂತ ಕರೆಯುವ ಜಾಗ ಇದೆ. ನಡುವೆ ಕಾಲುವೆ, ಎರಡೂ ಬದಿ ಸಾಲಾಗಿ ಕಲ್ಲಿನ ತಟ್ಟೆ. ತಟ್ಟೆಯಲ್ಲೇ ಪಲ್ಯಕ್ಕೊಂದು, ಸಾರಿಗೊಂದು ಅನ್ನುವ ಹಾಗೆ ಬೇರೆ ಬೇರೆ ಗುಳಿ ಕೊರೆದಿದ್ದಾರೆ. ಮಕ್ಕಳು ಅಲ್ಲಿ ತಕ್ಷಣ ಕೂತುಬಿಡುತ್ತವೆ! ಬಡವಿಲಿಂಗದ ಗುಡಿಯೊಳಗೆ ಕಾಲುವೆ ನೀರು ಹರಿಯುತ್ತದೆ, ಲಿಂಗ ಯಾವಾಗಲೂ ನೀರಿನಲ್ಲೇ ನಿಂತಿರುತ್ತದೆ. ವಿರೂಪಾಕ್ಷ ದೇವಸ್ಥಾನದ ಒಳಗೆ ಸಣ್ಣ ಕಾಲುವೆ ಬಂದು ಅಡುಗೆಮನೆ ಹಾದು ಹೊರಗೆ ಹೋಗುತ್ತದೆ. ಇವೆಲ್ಲ ಬಿಡಿ ಬಿಡಿ ಪಾಯಿಂಟ್ ಆಗಿ ನೋಡಿದರೆ ಬಿಡಿ ಬಿಡಿಯಾಗೇ ಮರೆತುಹೋಗುತ್ತವೆ. ನೀರನ್ನು ಕೇಂದ್ರದಲ್ಲಿಟ್ಟು ನೋಡಿದರೆ ಇಡೀ ನಗರದ ಲೆಕ್ಕಾಚಾರ ಕಣ್ಣಿಗೆ ಬರುತ್ತದೆ.

ಇನ್ನೊಂದು ಮಾತು. ಅರಮನೆ ಕಡೆಯಿಂದ ದೇವಸ್ಥಾನಗಳ ಕಡೆಗೆ ಹೋಗುವಾಗ ನಡುವೆ ಹಸಿರು ಬಯಲು ಸಿಗುತ್ತದೆ. ಬಾಳೆ, ಕಬ್ಬು, ಭತ್ತ. ಬಂದವರು ಅದನ್ನು ನೋಡಿ, "ಇದು ಈಗ ಮಾಡಿದ್ದಲ್ವಾ?" ಎನ್ನುತ್ತಾರೆ. ಅಲ್ಲ. ಅಲ್ಲಿ ಹರಿಯುವ ತುರ್ತು ಕಾಲುವೆ ವಿಜಯನಗರದ ಕಾಲದ್ದು. ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ ನೀರು ತಿರುಗಿಸಿದರು. ಅರಮನೆ ಬಿತ್ತು, ಬಜಾರು ಬರಿದಾಯಿತು, ಈ ಕಾಲುವೆ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಇವತ್ತೂ ರೈತರು ಅದೇ ನೀರಿನಲ್ಲಿ ಬೆಳೆ ತೆಗೆಯುತ್ತಿದ್ದಾರೆ. ಗೈಡ್ ಆದವರು ಆಟೋ ನಿಲ್ಲಿಸಿ ಈ ಬಾಳೆ ತೋಟವನ್ನು ತೋರಿಸಬೇಕು. ಟಿಕೆಟ್ ಇಲ್ಲದ ಸ್ಮಾರಕ ಅದು.

ಈಗ ಕಥೆಗಳ ವಿಷಯಕ್ಕೆ ಬರುತ್ತೇನೆ. ಗೈಡ್‌ಗಳ ಮೇಲೆ ಒಂದು ದೂರು ಇದೆ, ಬಾಯಿಗೆ ಬಂದದ್ದು ಹೇಳುತ್ತಾರೆ ಅಂತ. ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು ಎನ್ನುವ ಮಾತು ಎಲ್ಲರೂ ಕೇಳಿದ್ದೀರಿ. 1443ರಲ್ಲಿ ಇಲ್ಲಿಗೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಬರೆದದ್ದು, ಚಿನಿವಾರರು ಬಜಾರಿನಲ್ಲಿ ಮುತ್ತು, ಮಾಣಿಕ್ಯ, ವಜ್ರವನ್ನು ರಾಜಾರೋಷವಾಗಿ ಇಟ್ಟು ಮಾರುತ್ತಿದ್ದರು ಎಂದು. ನನಗೆ ಈ ಮಾತೇ ಜಾಸ್ತಿ ರುಚಿ. ಯಾಕೆ ಗೊತ್ತಾ? ಸೇರಿನ ಕಥೆ ಬರೀ ಸಂಪತ್ತು ಹೇಳುತ್ತದೆ. ರಜಾಕ್‌ನ ಮಾತು ಆ ಊರಿನಲ್ಲಿ ಕಳ್ಳರ ಭಯ ಎಷ್ಟು ಕಡಿಮೆ ಇತ್ತು, ಕಾವಲು ಎಷ್ಟು ಗಟ್ಟಿ ಇತ್ತು ಎನ್ನುವುದನ್ನೂ ಹೇಳುತ್ತದೆ. ನಿಜ ಹೇಳಿದರೆ ಕಥೆ ಸಪ್ಪೆ ಆಗುತ್ತದೆ ಎನ್ನುವುದು ತಪ್ಪು ಲೆಕ್ಕ.

ಕಲ್ಲಿನ ರಥವನ್ನೇ ತೆಗೆದುಕೊಳ್ಳಿ. 50 ರೂಪಾಯಿ ನೋಟಿನ ಮೇಲೆ ಇರುವುದರಿಂದ ಎಲ್ಲರಿಗೂ ಗೊತ್ತು. ಒಂದೇ ಬಂಡೆಯಲ್ಲಿ ಕೆತ್ತಿದ್ದು ಎಂದು ಎಷ್ಟೋ ಜನ ನಂಬಿದ್ದಾರೆ. ಹತ್ತಿರ ಹೋಗಿ ನೋಡಿದರೆ ಕಲ್ಲು ಕಲ್ಲು ಜೋಡಿಸಿದ ಸಂದು ಕಾಣುತ್ತದೆ. ಅದು ಎಳೆಯುವ ರಥವಲ್ಲ, ವಿಠ್ಠಲನ ಎದುರು ಕೂತ ಗರುಡನ ಗುಡಿ. ಮುಂದಿರುವ ಆನೆಗಳು ಮೊದಲಿನಿಂದ ಇದ್ದವಲ್ಲ, ಆಮೇಲೆ ತಂದಿಟ್ಟವು. ಆನೆಗಳ ಹಿಂದೆ ಬಗ್ಗಿ ನೋಡಿ. ಕುದುರೆಗಳ ಹಿಂಗಾಲು, ಬಾಲ ಈಗಲೂ ಇದೆ. ಮೊದಲು ಅಲ್ಲಿ ಇದ್ದದ್ದು ಕುದುರೆ. ಇನ್ನೂ ಒಂದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಫೋಟೋ ತೆಗೆದ. ಅವನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ! ಈಗ ಇಲ್ಲ. ನಾನು ಆ ಹಳೇ ಚಿತ್ರವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ರಥದ ಮುಂದೆ ನಿಲ್ಲಿಸಿ ತೋರಿಸುತ್ತೇನೆ. ಜನ ಒಮ್ಮೆ ಚಿತ್ರ ನೋಡುತ್ತಾರೆ, ಒಮ್ಮೆ ರಥ ನೋಡುತ್ತಾರೆ. ಸೆಲ್ಫಿ ಮರೆತು ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಯಾವ ಕಟ್ಟುಕಥೆಯೂ ಈ ಕೆಲಸ ಮಾಡಲಾರದು.

ವಿರೂಪಾಕ್ಷನ ಗೋಪುರದ ತಲೆಕೆಳಗಾದ ನೆರಳೂ ಹಾಗೇ. ಅದನ್ನು ಪವಾಡ ಎಂದು ಹೇಳಿ ಮುಗಿಸಬಹುದು. ಕತ್ತಲೆ ಕೋಣೆ, ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಗೋಪುರದ ತುದಿಯಿಂದ ಬಂದ ಬೆಳಕು ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲೆ ಬೀಳುತ್ತದೆ. ಹಾಗಾಗಿ ಚಿತ್ರ ತಲೆಕೆಳಗು. ಇಷ್ಟು ಬಿಡಿಸಿ ಹೇಳಿದರೆ ಹೈಸ್ಕೂಲ್ ಹುಡುಗರ ಕಣ್ಣು ಅರಳುವುದನ್ನು ನೋಡಬೇಕು. ಕಮಲ ಮಹಲ್, ರಾಣಿ ಸ್ನಾನದ ಮನೆ ಮುಂತಾದ ಹೆಸರುಗಳೆಲ್ಲ ನಂತರದವರು ಇಟ್ಟದ್ದು. ಅಲ್ಲಿ ರಾಣಿಯರೇ ಇದ್ದರು ಎನ್ನಲು ಶಾಸನದ ಆಧಾರ ಇಲ್ಲ. ಅದನ್ನೂ ಹಾಗೇ ಹೇಳಿಬಿಡಬೇಕು.

ಹಜಾರರಾಮ ದೇವಸ್ಥಾನಕ್ಕೆ ಹೋದವರು ಒಳಗಿನ ರಾಮಾಯಣದ ಸಾಲು ನೋಡುತ್ತಾರೆ. ಒಳ್ಳೆಯದು. ಆದರೆ ಒಳಗೆ ಹೋಗುವ ಮುಂಚೆ ಪ್ರಾಕಾರದ ಹೊರಗೋಡೆ ಸುತ್ತ ನಡೆಯಿರಿ. ಕೆಳಗಿನಿಂದ ಮೇಲಕ್ಕೆ ಸಾಲು ಸಾಲು. ಆನೆ ಒಂದು ಸಾಲು, ಕುದುರೆ ಒಂದು ಸಾಲು, ಸೈನಿಕರು, ಕುಣಿಯುವ ಹೆಂಗಸರು, ವಾದ್ಯದವರು. ಕುದುರೆ ಹಿಡಿದು ನಡೆಯುವವರ ಮುಖ, ಟೋಪಿ, ಉಡುಪು ನೋಡಿದರೆ ಕೆಲವರು ಹೊರದೇಶದವರು ಎಂದು ಗೊತ್ತಾಗುತ್ತದೆ. ಕುದುರೆ ಅರಬ್ ಮತ್ತು ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು, ಘಟ್ಟ ಹತ್ತಿ ಇಲ್ಲಿಗೆ ಬರುತ್ತಿತ್ತು. ಸೈನ್ಯದ ಬಲ ನಿಂತಿದ್ದೇ ಆ ವ್ಯಾಪಾರದ ಮೇಲೆ. ಪಾಯಸ್ ಬರೆದ ಮಹಾನವಮಿ ಮೆರವಣಿಗೆಯ ವರ್ಣನೆ ಓದಿಕೊಂಡು ಈ ಗೋಡೆ ನೋಡಿ. ಅವನು ಕಂಡದ್ದನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ ಅನ್ನಿಸುತ್ತದೆ. ಮೆರವಣಿಗೆ ಮುಂದೆ ಸಾಗುವ ದಿಕ್ಕಿನಲ್ಲೇ ನೀವೂ ನಡೆಯುತ್ತಾ ಹೋಗಿ.

ಊರು ಎಂದ ಮೇಲೆ ಎಲ್ಲಾ ಥರದ ಜನ ಇರಬೇಕಲ್ಲ. ಕಮಲಾಪುರದಿಂದ ಕಂಪ್ಲಿ ಕಡೆ ಹೋಗುವ ದಾರಿಯಲ್ಲಿ ಗಾಣಗಿತ್ತಿ ಬಸದಿ ಇದೆ. ಎರಡನೇ ಹರಿಹರನ ದಂಡನಾಯಕ ಇರುಗಪ್ಪ 1385-86ರಲ್ಲಿ ಜೈನ ತೀರ್ಥಂಕರ ಕುಂಥುನಾಥನಿಗೆ ಕಟ್ಟಿಸಿದ್ದು. ಮುಂದಿನ ದೀಪಸ್ತಂಭದ ಮೇಲೆ ಶಾಸನ ಇದೆ. ಅದೇ ಕಡೆ ಅಹಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ಎರಡನೇ ದೇವರಾಯನ ಶ್ರೇಯಸ್ಸಿಗಾಗಿ ಕಟ್ಟಿಸಿದ ಮಸೀದಿ ಇದೆ. ಶಾಸನದಲ್ಲಿ ಅದನ್ನು ಧರ್ಮಸಾಲೆ ಎಂದು ಕರೆದಿದ್ದಾರೆ. ಗೋಪುರ ಇಲ್ಲ, ಗುಮ್ಮಟ ಇಲ್ಲ. ನೋಡಿದರೆ ಅದೇ ಊರಿನ ಕಂಬದ ಮಂಟಪ. ಜೈನ ದಂಡನಾಯಕ, ಮುಸ್ಲಿಂ ಅಧಿಕಾರಿ, ಶೈವ ವೈಷ್ಣವ ಮಠಗಳು, ಅರಬ್ ವ್ಯಾಪಾರಿಗಳು. ಈ ಎರಡು ಕಟ್ಟಡಗಳ ಹತ್ತಿರ ಟೂರ್ ಬಸ್ಸು ನಿಲ್ಲುವುದೇ ಇಲ್ಲ. ನಿಲ್ಲಿಸಿ ಎಂದು ನೀವೇ ಹೇಳಬೇಕು. ಹತ್ತು ನಿಮಿಷ ಸಾಕು.

ಒಂದು ಸೂಕ್ಷ್ಮ ವಿಷಯ ಹೇಳದೆ ಬಿಡಲು ಮನಸ್ಸಿಲ್ಲ. ವಿರೂಪಾಕ್ಷ ಬಜಾರಿನ ಸಾಲು ಮಂಟಪಗಳಲ್ಲಿ ಕೆಲವು ವರ್ಷಗಳ ಹಿಂದಿನವರೆಗೂ ಜನ ಇದ್ದರು. ಅಂಗಡಿ, ಮನೆ, ಹೋಟೆಲ್ಲು ಎಲ್ಲಾ ಅಲ್ಲೇ. 2011ರಲ್ಲಿ ಅವರನ್ನು ತೆರವು ಮಾಡಿದರು. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಮಂಟಪದ ಕಂಬಕ್ಕೆ ಸಿಮೆಂಟು ಗೋಡೆ ಸೇರಿಸಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಬೀದಿ ಕಟ್ಟಿದ್ದೇ ವ್ಯಾಪಾರಕ್ಕೆ, ತೇರಿಗೆ, ಜನಜಂಗುಳಿಗೆ. ಈಗ ನೀವು ನೋಡುವ ಖಾಲಿ ಕಂಬಗಳ ಸಾಲು ತುಂಬಾ ಚೊಕ್ಕಟವಾಗಿದೆ. ಇದರ ಹಿಂದೆ ಕಡ್ಡಿರಾಂಪುರದ ಕಡೆಗೆ ಗಂಟು ಮೂಟೆ ಕಟ್ಟಿದ ಮನೆತನಗಳಿವೆ ಎನ್ನುವುದನ್ನೂ ಗೈಡ್ ಹೇಳಬೇಕು. ಹಂಪಿಯ ಇತಿಹಾಸ 1565ಕ್ಕೆ ನಿಂತಿಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು, ಹೊಳೆಯಾಚೆಯ ಆನೆಗೊಂದಿಗೆ ಸೇತುವೆ ಕಟ್ಟುವ ಗಲಾಟೆಯಿಂದ 1999ರಲ್ಲಿ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಹೋದದ್ದು, 2006ರಲ್ಲಿ ಅದರಿಂದ ಹೊರಬಂದದ್ದು, 2009ರಲ್ಲಿ ಅದೇ ಸೇತುವೆ ಕಟ್ಟುವಾಗ ಕುಸಿದು ಕೂಲಿ ಕೆಲಸದವರು ಸತ್ತದ್ದು, ಇದೆಲ್ಲಾ ಹಂಪಿಯ ಇತಿಹಾಸವೇ. ಚೈತ್ರದಲ್ಲಿ ವಿರೂಪಾಕ್ಷನ ತೇರು ಎಳೆಯುವ ದಿನ ಬಂದರೆ ಆ ಬೀದಿ ಅಷ್ಟು ಅಗಲ ಯಾಕಿದೆ ಎಂದು ಯಾರೂ ವಿವರಿಸಬೇಕಾಗಿಲ್ಲ.

2019ರಲ್ಲಿ ಕೆಲವು ಹುಡುಗರು ಇಲ್ಲಿ ಒಂದು ಕಂಬವನ್ನು ತಳ್ಳಿ ಬೀಳಿಸಿದ ವಿಡಿಯೋ ಎಲ್ಲ ಕಡೆ ಹರಡಿತ್ತು, ನೆನಪಿರಬಹುದು. ಸಿಕ್ಕಿಬಿದ್ದರು. ಕೋರ್ಟು ಒಬ್ಬೊಬ್ಬರಿಗೆ 70,000 ರೂಪಾಯಿ ದಂಡ ಹಾಕಿತು. ಬೀಳಿಸಿದ ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸುವ ಕೆಲಸ ಮಾಡಿಸಿದರು. ಆ ಫೋಟೋ ನೋಡಿದಾಗ ನನಗೆ ಸಿಟ್ಟಿಗಿಂತ ಸಂಕಟ ಜಾಸ್ತಿ ಆಯಿತು. ಆ ಕಂಬ ಯಾರದೋ ಮನೆಯ, ಯಾರದೋ ಬೀದಿಯ ಕಂಬ ಎಂದು ಅವರಿಗೆ ಒಬ್ಬರಾದರೂ ಹೇಳಿದ್ದರೆ? ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳನ್ನು ಬಡಿಯಬೇಡಿ ಎಂದು ಬೋರ್ಡು ಇದೆ. ಆದರೂ "ಒಂದೇ ಒಂದು ಸಲ ಸಾರ್" ಎಂದು ಕೇಳುವವರು ಇದ್ದಾರೆ. ಇಲ್ಲ ಎನ್ನುವುದು ಗೈಡ್‌ನ ಮೊದಲ ಕೆಲಸ.

ಗೈಡ್ ಆರಿಸಿಕೊಳ್ಳುವುದು ಹೇಗೆ ಎಂದು ತುಂಬಾ ಜನ ಕೇಳುತ್ತೀರಿ. ಪ್ರವಾಸೋದ್ಯಮ ಇಲಾಖೆಯ ಲೈಸೆನ್ಸ್ ಇರುವವರ ಹತ್ತಿರ ಗುರುತಿನ ಚೀಟಿ ಇರುತ್ತದೆ, ಅದನ್ನು ನೋಡಿ. ರೇಟು, ಎಷ್ಟು ಗಂಟೆ, ಯಾವ್ಯಾವ ಜಾಗ ಎನ್ನುವುದನ್ನು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಆಮೇಲೆ ಒಂದು ಮಾತು ಹೇಳಿ: "ನಮಗೆ ಅವಸರ ಇಲ್ಲ, ಜಾಗ ಕಡಿಮೆ ಆದರೂ ಪರವಾಗಿಲ್ಲ, ನಡೆಸಿಕೊಂಡು ಹೋಗಿ." ಇದನ್ನು ಕೇಳಿದರೆ ಒಳ್ಳೆ ಗೈಡ್‌ನ ಮುಖವೇ ಬೇರೆ ಆಗುತ್ತದೆ. ಓದಿಕೊಂಡದ್ದು, ಅಜ್ಜಂದಿರಿಂದ ಕೇಳಿದ್ದು ಎಷ್ಟೋ ಇರುತ್ತದೆ ಅವರ ಹತ್ತಿರ. ಎರಡು ಗಂಟೆಯ ಪ್ಯಾಕೇಜಿನಲ್ಲಿ ಅದನ್ನೆಲ್ಲ ಹೇಳಲು ಆಗುವುದಿಲ್ಲ. ಕೊನೆಗೆ ನಿಮ್ಮನ್ನು ಯಾವ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ ಎನ್ನುವುದರ ಮೇಲೆ ಅವರ ದಿನದ ಸಂಪಾದನೆ ನಿಲ್ಲಬಾರದು ಅಂದರೆ, ನ್ಯಾಯವಾದ ಫೀಸು ಕೊಡಿ.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಅಮ್ಮ ಕೇಳಿದರು: ಇಷ್ಟು ಬಂಡೆ ಎಲ್ಲಿಂದ ಬಂತು, ಭೂಕಂಪ ಆಗಿತ್ತಾ? ಇಲ್ಲಮ್ಮ. ಯಾರೂ ತಂದು ಹಾಕಿದ್ದಲ್ಲ, ಜ್ವಾಲಾಮುಖಿಯೂ ಅಲ್ಲ. ಇದು ತುಂಬಾ ಹಳೆಯ ಕಣಶಿಲೆಯ ನೆಲ. ನೆಲದೊಳಗೇ ಬಿರುಕು ಬಿಟ್ಟು, ನೀರು ಗಾಳಿಗೆ ಅಂಚು ಸವೆದು ಗುಂಡಾಗಿ, ಸುತ್ತಲಿನ ಮಣ್ಣು ಕೊಚ್ಚಿ ಹೋದ ಮೇಲೆ ಹೀಗೆ ಒಂದರ ಮೇಲೊಂದು ಉಳಿದವು. ಊರು ಕಟ್ಟಿದವರಿಗೆ ಇವೇ ಕೋಟೆ, ಇವೇ ಕಲ್ಲಿನ ಗಣಿ. ಎಷ್ಟೋ ಬಂಡೆಗಳ ಮೇಲೆ ಸಾಲಾಗಿ ಚೌಕದ ಗುಳಿಗಳು ಕಾಣುತ್ತವೆ, ಬೆಣೆ ಹೊಡೆದು ಸೀಳಿದ ಗುರುತು. ಕೆಲವು ಬಂಡೆಗಳಲ್ಲಿ ಗುಳಿ ಹಾಕಿ ಸೀಳದೆ ಬಿಟ್ಟಿದ್ದಾರೆ.

ಇನ್ನೊಬ್ಬರು ಕೇಳಿದ್ದು, ಮಕ್ಕಳನ್ನು ಕರೆದುಕೊಂಡು ಬಂದರೆ ಹೇಗೆ ಪ್ಲಾನ್ ಮಾಡಬೇಕು ಎಂದು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಏಪ್ರಿಲ್ ಮೇ ಬೇಡವೇ ಬೇಡ. ಎರಡು ದಿನ ಇಟ್ಟುಕೊಳ್ಳಿ. ಮೊದಲು ಕಮಲಾಪುರದ ಮ್ಯೂಸಿಯಂಗೆ ಹೋಗಿ. ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ, ಗುಡ್ಡ, ಹೊಳೆ, ಗುಡಿ ಎಲ್ಲಾ ಸೇರಿಸಿ. ಅದರ ಸುತ್ತ ಒಂದು ಸುತ್ತು ಬಂದರೆ ಮಕ್ಕಳಿಗೆ ಊರಿನ ನಕ್ಷೆ ತಲೆಯಲ್ಲಿ ಕೂರುತ್ತದೆ. ಶುಕ್ರವಾರ ಅದಕ್ಕೆ ರಜೆ, ನೋಡಿಕೊಂಡು ಬನ್ನಿ. ವಿಠ್ಠಲ ದೇವಸ್ಥಾನಕ್ಕೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಗೆಜ್ಜಲ ಮಂಟಪದಿಂದ ಬ್ಯಾಟರಿ ಗಾಡಿ ಇದೆ, ಹೋಗುವಾಗ ಅದರಲ್ಲಿ ಹೋಗಿ. ಬರುವಾಗ ನಡೆದು ಬನ್ನಿ. ಆ ದಾರಿಯ ಉದ್ದಕ್ಕೂ ವಿಠ್ಠಲ ಬಜಾರು, ಪುಷ್ಕರಣಿ, ಕುದುರೆಗೊಂಬೆ ಮಂಟಪ ಸಿಗುತ್ತವೆ. ಮಕ್ಕಳಿಗೆ ನೀರಿನ ಬಾಟಲಿ, ಟೋಪಿ ಮರೆಯಬೇಡಿ.